ಚಿತ್ರಪತಂಗೋಪಸರ್ಪಣ ಮೀಮಾಂಸೆ

ಕೂತ ಚಿಟ್ಟೆಯ ಬಳಿಗೆ ಕ್ಯಾಮೆರಾ ಸಮೇತ ತೆವಳಿಕೊಂಡು ಹೋಗುವ ಕ್ರಿಯೆಗೆ ಉಪಸರ್ಪಣವೆಂದು ಹೆಸರು. ಇದರಿಂದ ದೊರೆಯುವ ಖಾಲಿ ಎಲೆಯ ಚಿತ್ರವೇ ಮ್ಯಾಕ್ರೋ ಛಾಯಾಗ್ರಹಣ. ಪಶ್ಚಿಮ ಘಟ್ಟದಲ್ಲಿ 300ಕ್ಕೂ ಹೆಚ್ಚು ಬಗೆಯ ಚಿಟ್ಟೆಗಳುಂಟು. ಅವು ಹಾರಿಹೋದ ಮೇಲೆ ಉಳಿಯುವ ಎಲೆಗಳಲ್ಲಿ ಮಾತ್ರ ಅಷ್ಟು ವೈವಿಧ್ಯ ಕಾಣದಿರುವುದು ಈ ಶಾಸ್ತ್ರದ ಮೂಲ ತೊಡಕು.

ಮೊದಲು ಕಾಲನಿರ್ಣಯ. ಮೈ ಕಾಯದೆ ಚಿಟ್ಟೆ ಹಾರಲಾರದು. ಎಳೆಬಿಸಿಲಿಗೆ ರೆಕ್ಕೆ ಹರಡಿ ಕೂತ ಹೊತ್ತೇ ಸುಮುಹೂರ್ತ. ಆದರೆ ದಾರಿಯಲ್ಲಿ ತಟ್ಟೆ ಇಡ್ಲಿಗೆ ಗಾಡಿ ನಿಲ್ಲಿಸುವುದು ಶಿಷ್ಟಾಚಾರವಾದ್ದರಿಂದ, ಉಪಸರ್ಪಕನು ಕಾಡು ಮುಟ್ಟುವಾಗ ಹನ್ನೊಂದು ಗಂಟೆ. ಆಗ ಚಿಟ್ಟೆಯ ಮೈ ಹಗುರ, ಇವನದು ಭಾರ.

ಸ್ಥಳದ ಬಗ್ಗೆ ವಿವಾದವಿಲ್ಲ. ಹಳ್ಳದ ಪಕ್ಕದ ಒದ್ದೆ ಮರಳಿನಲ್ಲಿ ಗಂಡು ಚಿಟ್ಟೆಗಳು ಸೋಡಿಯಂ ಮೊದಲಾದ ಲವಣಗಳಿಗಾಗಿ ಗುಂಪುಗೂಡಿ ನೀರು ಹೀರುತ್ತವೆ. ಹಸು ಉಚ್ಚೆ ಹೊಯ್ದ ಜಾಗವೂ, ಹಸಿ ಸಗಣಿಯೂ ಅವಕ್ಕೆ ಅಷ್ಟೇ ಪ್ರಿಯ. ಕಲಾಕೃತಿಯಲ್ಲಿ ಕಾಣುವ ಮಸುಕಾದ ಕಂದು ಹಿನ್ನೆಲೆ ಏನೆಂದು ವಿಚಾರಿಸುವುದು ರಸಿಕರಿಗೆ ತರವಲ್ಲ. ಹೊಟ್ಟೆಯ ಮೇಲೆ ಮಲಗಿದವನ ಕಾಲ್ಚೀಲದೊಳಗೆ ಉಂಬಳ ಇಳಿಯುವುದನ್ನು ಆಚಾರ್ಯರು ಏಕಾಗ್ರತೆಯ ಪರೀಕ್ಷೆಯೆಂದು ಪರಿಗಣಿಸುತ್ತಾರೆ.

ಮತಭೇದವಿರುವುದು ಫೋಕಸ್ಸಿನಲ್ಲಿ. ಸೆನ್ಸರಿನ ಮೇಲೆ ಚಿಟ್ಟೆ ತನ್ನ ನಿಜಗಾತ್ರದಲ್ಲೇ ಮೂಡುವಷ್ಟು ಹತ್ತಿರ ಹೋದರೆ, ಸ್ಪಷ್ಟವಾಗಿ ಕಾಣುವ ಆಳ ಎಫ್/8ರಲ್ಲೂ ಒಂದೆರಡು ಮಿಲಿಮೀಟರ್ ಮಾತ್ರ. ಉಸಿರೆಳೆದರೆ ಕಣ್ಣು ಮಸುಕು, ಬಿಟ್ಟರೆ ಮೀಸೆ ಮಸುಕು. ಕಣ್ಣು ಚೂಪಾಗಿದ್ದರೆ ಸಾಕೆನ್ನುವುದು ನೇತ್ರವಾದ. ಮುಚ್ಚಿದ ರೆಕ್ಕೆಗೆ ಸೆನ್ಸರನ್ನು ಸಮಾನಾಂತರವಾಗಿ ಹಿಡಿದು ಇಡೀ ರೆಕ್ಕೆಯನ್ನು ಹಿಡಿಯಬೇಕೆನ್ನುವುದು ಪಕ್ಷವಾದ. ಎಫ್/22ಕ್ಕೆ ಇಳಿಸಿದರೆ ಎರಡೂ ಸಿಕ್ಕಾವು ಎಂಬ ಸಮನ್ವಯವಾದಿಗಳಿಗೆ, ಕಿರಿದಾದ ರಂಧ್ರದಲ್ಲಿ ಬೆಳಕು ಚದುರಿ, ಎರಡೂ ಸಮನಾಗಿ ಮಂಕಾದ ಚಿತ್ರ ದೊರೆಯುತ್ತದೆ. ಗುಂಡಿ ಒತ್ತಿ ಹಿಡಿದು ನೂರಾರು ಹೊಡೆಯುವ ಸಂಖ್ಯಾವಾದಿಗಳನ್ನು ಮೂವರೂ ಬೈಯುತ್ತಾರೆ. ಆದರೆ ಒಳ್ಳೆಯ ಚಿತ್ರಗಳು ಬಹುಮಟ್ಟಿಗೆ ಅವರವೇ.

ಚಿಟ್ಟೆ ಈ ಯಾವ ಮತವನ್ನೂ ಒಪ್ಪಿದಂತಿಲ್ಲ. ಪುಟ್ಟ ನೀಲಿ ಚಿಟ್ಟೆಗಳ ಜಾತಿ ಗುರುತಿಸಲು ರೆಕ್ಕೆಯ ಅಡಿಭಾಗದ ಚುಕ್ಕೆಗಳು ಬೇಕು. ಅವು ತೋರಿಸುವುದು ಮೇಲ್ಭಾಗ. ಬ್ಲೂ ಓಕ್‌ಲೀಫ್‌ನ ಮೇಲ್ಭಾಗದ ನೀಲಿ ಬೇಕು; ಅದು ರೆಕ್ಕೆ ಮುಚ್ಚಿ ತರಗೆಲೆಯಾಗುತ್ತದೆ. ನೆರಳು ಸೋಕಿದರೆ ಎರಡೂ ಇಲ್ಲ. ಹೀಗೆ ಕೆಟ್ಟ ಚಿತ್ರವನ್ನು ಎಸೆಯಬೇಕಾಗಿಲ್ಲ. ಅದಕ್ಕೆ 'ರೆಕಾರ್ಡ್ ಶಾಟ್' ಎಂಬ ಗೌರವದ ಹೆಸರಿದೆ.

ಶಾಸ್ತ್ರದ ಅತಿ ಕಠಿಣ ಸಮಸ್ಯೆ ಸ್ವೇದವಿರೋಧಾಭಾಸ. ಬೆವರಿನಲ್ಲೂ ಉಪ್ಪುಂಟಲ್ಲ! ಎರಡು ತಾಸು ತೆವಳಿ ನೆನೆದ ಉಪಸರ್ಪಕನ ಮಣಿಕಟ್ಟಿನ ಮೇಲೆಯೇ ಚಿಟ್ಟೆ ಬಂದು ಕೂರುತ್ತದೆ. ಸುರುಳಿ ಬಿಚ್ಚಿ, ರೋಮಗಳ ನಡುವೆ ಸೊಂಡಿಲು ಆಡಿಸುತ್ತ ನಿಧಾನವಾಗಿ ಹೀರುತ್ತದೆ. ಕ್ಯಾಮೆರಾ ಹಿಡಿದಿರುವುದೂ ಅದೇ ಕೈಯಲ್ಲಿ. 100 ಮಿ.ಮೀ. ಮ್ಯಾಕ್ರೋ ಲೆನ್ಸಿಗೆ ಸೆನ್ಸರಿನಿಂದ ಸುಮಾರು 30 ಸೆಂ.ಮೀ. ಅಂತರವಾದರೂ ಬೇಕು. ಪರಿಹಾರ ಇನ್ನೂ ಸಿಕ್ಕಿಲ್ಲ.

ಚಿಟ್ಟೆಯನ್ನು ಹಿಡಿದು ಫ್ರಿಜ್ಜಿನಲ್ಲಿಟ್ಟು, ಮರಗಟ್ಟಿದ ಮೇಲೆ ಹೂವಿನ ಮೇಲೆ ಕೂರಿಸಿ ತೆಗೆಯುವ ಪದ್ಧತಿಯೂ ಉಂಟು. ಅದು ಈ ಶಾಸ್ತ್ರಕ್ಕೆ ಸೇರಿದ್ದಲ್ಲ, ಅಪರಾಧಶಾಸ್ತ್ರಕ್ಕೆ ಸೇರಿದ್ದು.