ಸಿಲಿಂಡರಿನೊಳಗೊಂದು ಬಾವಿ

ತೆಕ್ಕಲಕೋಟೆಯಂಥ ಬಿಸಿಲೂರಲ್ಲಿ ನೀರಹನಿ ಕಂಡರೆ ಕೈ ಮುಗಿಯಬೇಕು. ಆದರೂ ಶ್ರಾವಣದ ಒಂದು ಬೆಳಿಗ್ಗೆ ನಾನು ಬೈದೆ. ಇರಚಲು ಬಡಿಯುತ್ತದೆಂದು ಅಡುಗೆಮನೆಯ ಕಿಟಕಿ ಮುಚ್ಚಿ ಎರಡೂ ಒಲೆ ಹಚ್ಚಿದ್ದೆವು. ಗಾಜಿಗೆಲ್ಲ ಬೆವರು. ಒಂದು ಹನಿ ಜಾರಿ, ಇನ್ನೊಂದನ್ನು ಕೂಡಿಕೊಂಡು, ಕಿಟಕಿಕಟ್ಟೆಯ ಮೇಲೆ ಮುಚ್ಚಳ ತೆಗೆದಿಟ್ಟಿದ್ದ ಉಪ್ಪಿನ ಡಬ್ಬಿಗೇ ಇಳಿಯಿತು.

“ಮನಿ ಸೋರಾಕತ್ತೈತ್ರಿ, ಗೌಂಡೀನ ಕರೀರಿ” ಅಂದಳು ಮನೆಯಾಕೆ.

“ಮನಿ ಅಲ್ಲ, ಸಿಲಿಂಡರು” ಅಂದೆ. ಆಕೆ ಗಾಬರಿಯಾಗಿ ರೆಗ್ಯುಲೇಟರ್ ಬಂದ್ ಮಾಡಿದಳು. ಅನ್ನ ಅರೆಬೆಂದು ಕೂತಿತು.

ನಾನು ಹೇಳಹೊರಟದ್ದು ಇಷ್ಟೇ: ಗ್ಯಾಸಿನಲ್ಲಿರುವ ಹೈಡ್ರೋಜನ್ ಉರಿಯುವಾಗ ಗಾಳಿಯ ಆಮ್ಲಜನಕ ಸೇರಿ ನೀರಾವಿಯಾಗುತ್ತದೆ. 1 ಕೆ.ಜಿ. ಗ್ಯಾಸಿಗೆ ಸುಮಾರು ಒಂದೂವರೆ ಲೀಟರಿಗೂ ಮಿಕ್ಕಿ ನೀರು! 14.2 ಕೆ.ಜಿ. ಸಿಲಿಂಡರು ಮುಗಿಯುವಷ್ಟರಲ್ಲಿ ಹತ್ತಿರಹತ್ತಿರ 22 ಲೀಟರು. ಹಾಗಾದರೆ 20 ಲೀಟರಿನ ಕ್ಯಾನಿಗಾಗಿ ನಾನು ದಿನಾ ಸೈಕಲ್ ತುಳಿಯುವುದೇಕೋ!

ಅವ್ವನ ಮಾಳಿಗೆಮನೆಗೆ ಈ ರಗಳೆ ಇರಲಿಲ್ಲ. ಗವಾಕ್ಷಿಯಿಂದ ಹೊಗೆ, ಹಬೆ ಎರಡೂ ಹೊರಗೆ. 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಇಲ್ಲಿ ಅಗೆದು ಬೆಳಕಿಗೆ ತಂದ ನವಶಿಲಾಯುಗದವರಿಗಂತೂ ಗಾಜೇ ಇರಲಿಲ್ಲ, ಪುಣ್ಯವಂತರು.

ಈಗ ಕಿಟಕಿ ತೆರೆದಿಟ್ಟಿದ್ದೇವೆ. ಇರಚಲು ನೇರ ಉಪ್ಪಿನ ಡಬ್ಬಿಗೇ ಬೀಳುತ್ತಿದೆ.