ಏರಿ ಮೇಷ್ಟ್ರು

ಮಂಡ್ಯ ಜಿಲ್ಲೆಯ ಕೆರೆಗಳಲ್ಲಿ ಗಾಳ ಹಾಕುವವರಿಗಿಂತ ಅವರ ಬೆನ್ನ ಹಿಂದೆ ನಿಂತು ನೋಡುವವರೇ ಹೆಚ್ಚು. ನೋಡುವವರಲ್ಲಿ ಬಹುಪಾಲು ಜನ ನಿರುಪದ್ರವಿಗಳು. ಬೀಡಿ ಮುಗಿಯುವವರೆಗೆ ನಿಂತಿದ್ದು ಹೊರಟುಬಿಡುತ್ತಾರೆ. ಹೊರಡದೆ ಉಳಿಯುವವರೇ ಏರಿ ಮೇಷ್ಟ್ರು. ಇವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಒಂದು ಟಿವಿಎಸ್ ಎಕ್ಸ್‌ಎಲ್, ಹೆಗಲ ಮೇಲೊಂದು ಹಸಿರು ಟವಲ್, ಬಾಯಲ್ಲಿ ಎಲೆಅಡಿಕೆ, ಕೈ ಮಾತ್ರ ಖಾಲಿ. ಮದ್ದೂರಿನ ಕೆರೆ ಏರಿಯಲ್ಲೊಬ್ಬರು, ಮಳವಳ್ಳಿ ಪಕ್ಕದ ಮಾರೇಹಳ್ಳಿ ಕೆರೆಯಲ್ಲಿ ಇನ್ನೊಬ್ಬರು, ವಿ.ಸಿ. ನಾಲೆಯ ಉದ್ದಕ್ಕೂ ತೂಬಿಗೊಬ್ಬರು. ಮುಖ ಬೇರೆಯಾದರೂ ಮಾತು ಒಂದೇ: "ಯಾಕ್ಲಾ ಎಳ್ದೆ?"

ಹಿಡಿದ ಮೀನಿನಲ್ಲಿ ಇವರಿಗೆ ಅಷ್ಟೇನೂ ಆಸಕ್ತಿಯಿಲ್ಲ. ಇವರ ಅಧ್ಯಯನವೆಲ್ಲ ತಪ್ಪಿಸಿಕೊಂಡ ಮೀನಿನ ಮೇಲೆ. ಟೀ ಅಂಗಡಿಯಲ್ಲೂ ಅಷ್ಟೇ, ಗೆದ್ದ ಶಾಸಕರ ಹೆಸರು ಎತ್ತುವುದಿಲ್ಲ. ಸೋತವನು ಯಾವ ಬೂತಿನಲ್ಲಿ, ಯಾರ ಮಾತು ಕೇಳಿ, ಎಷ್ಟು ಗಂಟೆಗೆ ಕೆಟ್ಟ ಎಂಬುದನ್ನು ಮುಂದಿನ ಚುನಾವಣೆಯವರೆಗೂ ಹೇಳಬಲ್ಲರು.

2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಮದ್ದೂರು ವಡೆಯವರಿಗೆ ಗಿರಾಕಿ ಕಮ್ಮಿಯಾದರೆಂದು ಎಲ್ಲರೂ ಮರುಗಿದರು. ಏರಿ ಮೇಷ್ಟ್ರಿಗೆ ಮಾತ್ರ ಶಿಷ್ಯರು ಹೆಚ್ಚಾದರು. ವಾರವೆಲ್ಲ ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ಕುಟ್ಟುವ ಊರ ಹುಡುಗರು ಶನಿವಾರ ಬೆಳಕು ಹರಿಯುವ ಮುನ್ನ ಕೆರೆ ಮೇಲೆ ಹಾಜರು. ಕೈಯಲ್ಲಿ ಬಿದಿರು ಕಡ್ಡಿಯಿಲ್ಲ, ಬೆಂಡಿಲ್ಲ, ತೆಂಗಿನ ಚಿಪ್ಪಿನಲ್ಲಿ ಎರೆಹುಳವಿಲ್ಲ. ಕಾರ್ಬನ್ ರಾಡು, ರೀಲು, ಡಬ್ಬಿ ತುಂಬ ರಬ್ಬರ್ ಹುಳ, ರಬ್ಬರ್ ಕಪ್ಪೆ. ಗುತ್ತಿಗೆದಾರನನ್ನು ಒಪ್ಪಿಸಿ, ಕಾವಲುಗಾರನಿಗೆ ಟೀ ಕುಡಿಸಿ ನೀರಿನ ಹತ್ತಿರ ಬರುವಷ್ಟರಲ್ಲಿ ಟಿವಿಎಸ್ ಸ್ಟ್ಯಾಂಡ್ ಹಾಕಿದ ಸದ್ದು ಕೇಳುತ್ತದೆ.

"ಹುಳಾನೂ ದುಡ್ಡು ಕೊಟ್ಟು ತತ್ತೀರೇನ್ಲಾ?"

ರಬ್ಬರ್ ಹುಳಕ್ಕೂ ಒಂದು ಚರಿತ್ರೆಯಿದೆ. 1949ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಅಕ್ರಾನ್‌ನಲ್ಲಿ ನಿಕ್ ಕ್ರೀಮ್ ಎಂಬಾತ ಹೆಂಡತಿಯ ಜೊತೆ ಸೇರಿ ಅಡುಗೆಮನೆ ಒಲೆಯ ಮೇಲೆ ಪ್ಲಾಸ್ಟಿಕ್ ಕಾಯಿಸಿ ಎರಕ ಹೊಯ್ದ ಸರಕು ಅದು. ಅಲ್ಲಿ ಅದಕ್ಕೆ ಬೀಳುವುದು ಬಾಸ್ ಮೀನು. ಬಾಸ್ ನಮ್ಮ ಕೆರೆಗಳಲ್ಲಿಲ್ಲ. ಬೆಂಗಳೂರಿನ ಆಫೀಸುಗಳಲ್ಲಿ ಮಾತ್ರ ಇರುವುದು ಎಂದು ಹುಡುಗರೇ ನಗುತ್ತಾರೆ. ನಮ್ಮಲ್ಲಿ ಆ ಕೆಲಸಕ್ಕೆ ಇರುವುದು ಕೊರಮೀನು. ಹಾವಿನ ತಲೆ, ಗಟ್ಟಿ ದವಡೆ, ಸಾಲು ಹಲ್ಲು. ಆಗಾಗ ಮೇಲೆ ಬಂದು ಗಾಳಿ ಕುಡಿದೇ ಬದುಕುವ ಜಾತಿ. ಜೊಂಡು, ಅಂತರಗಂಗೆ, ತಾವರೆ ಎಲೆ ಎಲ್ಲಿ ದಟ್ಟವೋ ಅಲ್ಲೇ ಬಿಡಾರ. ಬರೀ ಹುಕ್ಕು ಹಾಕಿದರೆ ಬರುವುದು ಒಂದು ಹೊರೆ ಸೊಪ್ಪು. ಅದಕ್ಕೇ ರಬ್ಬರ್ ಹುಳದ ಹೊಟ್ಟೆಯೊಳಗೆ ಹುಕ್ಕಿನ ಮೊನೆ ಹುದುಗಿಸುವುದು, ಕಪ್ಪೆಯಾದರೆ ಟೊಳ್ಳು ಮೈಗೆ ಜೋಡಿ ಹುಕ್ಕು ಅಂಟಿಕೊಂಡಿರುವುದು. ಸೊಪ್ಪಿಗೆ ಸಿಗದ ಹುಕ್ಕು ಮೀನಿಗೂ ಸುಲಭಕ್ಕೆ ಸಿಗುವುದಿಲ್ಲ ಎನ್ನುವುದು ಹುಡುಗರ ಕಷ್ಟ. ಮೇಷ್ಟ್ರ ಅನ್ನ ಇರುವುದೂ ಅಲ್ಲೇ.

ಒಂದು ಶನಿವಾರ ಇಂಥ ಹುಡುಗನೊಬ್ಬ ರಬ್ಬರ್ ಕಪ್ಪೆ ಎಸೆದ. ತಾವರೆ ಎಲೆಯ ಮೇಲೆ ತಪ್ಪನೆ ಬಿತ್ತು, ಎರಡು ಸಲ ಕುಪ್ಪಳಿಸಿ ನೀರಿಗಿಳಿಯಿತು. ಬಳಕ್! ನೀರು ಸೀಳಿತು. ಹುಡುಗ ಹೌಹಾರಿ ಎರಡೂ ಕೈಯಲ್ಲಿ ಜಗ್ಗಿದ. ಕಪ್ಪೆ ಗಾಳಿಯಲ್ಲಿ ತೇಲಿ ಬಂದು, ಅವನ ಕಿವಿ ಪಕ್ಕದಲ್ಲೇ ಹಾದು, ಮೇಷ್ಟ್ರ ಹಸಿರು ಟವಲ್ಲಿಗೆ ಕಚ್ಚಿಕೊಂಡಿತು. ಜೋಡಿ ಹುಕ್ಕೂ ಬುಡದವರೆಗೆ ನಾಟಿತ್ತು.

ಬೇರೆ ಯಾರಾದರೂ ಬೈಯುತ್ತಿದ್ದರು. ಮೇಷ್ಟ್ರ ಕಣ್ಣಲ್ಲಿ ಸಂತೋಷ. ಟವಲ್ ತೆಗೆದು ಹುಡುಗನ ಮೂಗಿನ ಹತ್ತಿರ ಹಿಡಿದರು.

"ನೋಡು. ಟವಲ್‌ಗೆ ಎಂಗ್ ಬಿದ್ದೈತೆ! ಮೀನ್ಗೆ ಯಾಕ್ ಬೀಳಾಕಿಲ್ಲ? ಅದು ಕಪ್ಪೇನ ಇನ್ನೂ ಬಾಯ್ಗೆ ಇಕ್ಕೊಂಡೇ ಇಲ್ಲ ಕಣ್ಲಾ. ಕೊರಮೀನು ಮೊದ್ಲು ಹೊಡಿತದೆ, ಆಮೇಲೆ ಹಿಡಿತದೆ, ಆಮೇಲೆ ಒಳಿಕ್ ಎಳ್ಕತದೆ. ನಿಂಗೆ ಮುದ್ದೆ ಮುರ್ದು ಸಾರ್ಗೆ ಅದ್ದೋ ಹೊತ್ಗೇ ತಟ್ಟೆ ಎಳುದ್ಬುಟ್ರೆ ಗಂಟ್ಲಲ್ಲಿ ಏನ್ ಸಿಕ್ತದೆ?"

"ಮತ್ತೆ ಯಾವಾಗ ಎಳೀಬೇಕಣ್ಣ?"

"ಸದ್ಗೆ ಎಳೀಬ್ಯಾಡ, ತೂಕಕ್ಕೆ ಎಳಿ. ಕಪ್ಪೆ ಕಾಣಾಕಿಲ್ಲ, ನೂಲು ಭಾರ ಆತು, ಆಗ ಎಳಿ."

ಮಾತು ಅಪ್ಪಟ ಸತ್ಯ. ಏರಿ ಮೇಷ್ಟ್ರ ವಿಷಯದಲ್ಲಿ ನನಗಿರುವ ತಕರಾರೇ ಅದು; ಅವರು ಸುಳ್ಳು ಹೇಳಿದರೆ ಓಡಿಸಿಬಿಡಬಹುದಿತ್ತು.

ಹುಡುಗ ಪಾಠ ಕಲಿತು, ಕಪ್ಪೆ ಬಿಚ್ಚಿ ರಬ್ಬರ್ ಹುಳ ಕಟ್ಟಿದ. ಹುಳ ತಳಕ್ಕಿಳಿಯಿತು. ನೂಲು ಟಕ್ ಟಕ್ ಎಂದು ಪಕ್ಕಕ್ಕೆ ಸರಿಯತೊಡಗಿತು. ಹುಡುಗ ಉಸಿರು ಬಿಗಿಹಿಡಿದು, ತೂಕ ಬರಲೆಂದು ಕಾದ. ಕಾದ. ನೂಲು ಸಡಿಲಾಯಿತು. ಹುಳ ತುದಿ ಕಳೆದುಕೊಂಡು ವಾಪಸು ಬಂತು.

"ಯಾಕ್ಲಾ ಎಳೀಲಿಲ್ಲ?"

"ನೀವೇ ತಡಿ ಅಂದ್ರಲ್ಲಣ್ಣ!"

"ಅದು ಕಪ್ಪೆ ಕಣ್ಲಾ. ಇದು ಹುಳ! ರಬ್ಬರ್ ಅಂತ ಗೊತ್ತಾದ್ರೆ ಮೀನೇನು ನಿನ್ ಮರ್ಯಾದೆಗೆ ಬಾಯಲ್ಲಿ ಇಟ್ಕೊಂಡಿರ್ತದಾ? ತೂ ಅಂತ ಉಗಿತದೆ."

ಇದೂ ಸತ್ಯ. ಅಲ್ಲಿಂದ ಶುರುವಾದ ಶವಪರೀಕ್ಷೆ ಬಿಸಿಲೇರುವವರೆಗೆ ನಡೆಯಿತು. ಮೊದಲು ಹುಕ್ಕು. ಮೇಷ್ಟ್ರು ಅದರ ಮೊನೆಯನ್ನು ತಮ್ಮ ಹೆಬ್ಬೆರಳಿನ ಉಗುರಿನ ಮೇಲಿಟ್ಟು ಮೆಲ್ಲಗೆ ಎಳೆದರು. ಸುಣ್ಣ ತಿಂದು ಬೆಳ್ಳಗಾದ, ಕಬ್ಬು ಸವರಿ ಸೀಳಿದ ಉಗುರು. ಮೊನೆ ಗೀರು ಹಾಕದೆ ಜಾರಿ ಹೋಯಿತು. "ಮೊಂಡು. ಉಗುರ್ಗೇ ಹತ್ತದ್ದು ಕೊರಮೀನ್ ದವಡೆಗೆ ಹತ್ತದಾ? ಮೊದ್ಲು ರಬ್ಬರ್ ತೂರ್ಬೇಕು, ಆಮೇಲೆ ಮೂಳೆ ತೂರ್ಬೇಕು." ಆಮೇಲೆ ಹುಳ: ಹುಡುಗ ಸಣ್ಣ ಹುಕ್ಕಿಗೆ ದಪ್ಪ ಹುಳ ಪೋಣಿಸಿದ್ದ. ಮೀನು ಕಚ್ಚಿದಾಗ ರಬ್ಬರ್ ಮುದುಡಿ ಹುಕ್ಕಿನ ಬಾಗಿನೊಳಗೇ ತುಂಬಿಕೊಂಡರೆ ಮೊನೆ ಹೊರಗೆ ಬರಲು ಜಾಗವೆಲ್ಲಿ? ಬಾಗು ಅಗಲವಿರಬೇಕು, ಮೊನೆ ರಬ್ಬರಿನ ತೊಗಲಿಗೆ ತಗುಲಿಯೂ ತಗುಲದಂತೆ ಕೂತಿರಬೇಕು. ನೂಲೋ, ನೈಲಾನ್. ದೂರದಲ್ಲಿ ಕಚ್ಚಿದರೆ ಇಲ್ಲಿಂದ ಎಳೆದ ಎಳೆತವೆಲ್ಲ ನೂಲು ಹಿಗ್ಗುವುದಕ್ಕೇ ಖರ್ಚು. ಹೆಣೆದ ಬ್ರೇಡ್ ನೂಲಾದರೆ ಹಿಗ್ಗುವುದಿಲ್ಲ. ರೀಲಿನ ಡ್ರ್ಯಾಗು ಸಡಿಲಿದ್ದರೆ ಮೀನಿನ ಬದಲು ರೀಲೇ ಕಿರ್ ಎನ್ನುತ್ತದೆ.

ಆದರೆ ಮೇಷ್ಟ್ರಿಗೆ ಮೈ ಉರಿಯುವುದು ಸಡಿಲ ನೂಲು ಕಂಡಾಗ. ರಾಡಿನ ತುದಿ ಆಕಾಶಕ್ಕಿದ್ದು, ನೂಲು ನೀರ ಮೇಲೆ ಹಗ್ಗದಂತೆ ಮಲಗಿದ್ದರೆ ಅವರು ನಿಂತಲ್ಲಿ ನಿಲ್ಲಲಾರರು. "ತುದಿ ಬಗ್ಸು! ನೀರ್ ಕಡೀಕ್ ಬಗ್ಸು! ರೀಲ್ ಸುತ್ತಿ ನೂಲ್ ತುಂಬ್ಕೊ! ಈಗ ಒಂದೇ ಏಟ್ಗೆ ಎತ್ತು! ನಮ್ ಮುತ್ತತ್ತೀಲಿ ಸೀತಮ್ನೋರ್ ಮೂಗುತಿ ನೀರ್ಗೆ ಬಿದ್ದಾಗ ಆಂಜನೇಯ ಬಾಲ ಬುಟ್ಟು ಎತ್ಲಿಲ್ವಾ? ಬಾಲ ಸಡ್ಲ ಬುಟ್ಟಿದ್ರೆ ಆಯ್ತಿತ್ತಾ?" ಪುರಾಣದಿಂದ ಬಿಗಿ ನೂಲಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ನಾನಂತೂ ಕೇಳಿಲ್ಲ.

ಮುತ್ತತ್ತಿ ಬಂತೆಂದರೆ ಭೀಮೇಶ್ವರಿಯೂ ಬರಲೇಬೇಕು. ಮಳವಳ್ಳಿ ತಾಲ್ಲೂಕಿನ ಭೀಮೇಶ್ವರಿಗೆ ಒಂದು ಕಾಲದಲ್ಲಿ ಕಾವೇರಿಯ ಮಹಶೀರ್ ಮೀನಿಗಾಗಿ ದೇಶದೇಶದ ಜನ ಬರುತ್ತಿದ್ದರು. ನಮ್ಮ ರಾಗಿ ಹಿಟ್ಟಿನ ಉಂಡೆಯನ್ನೇ ಹುಕ್ಕಿಗೆ ಮೆತ್ತಿ, ಹಿಡಿದದ್ದನ್ನು ಫೋಟೊ ತೆಗೆದು ನೀರಿಗೇ ಬಿಡುತ್ತಿದ್ದರು. ವನ್ಯಜೀವಿಧಾಮದೊಳಗೆ ಗಾಳ ನಿಂತು ವರ್ಷಗಳಾದವು. ಗೂನು ಬೆನ್ನಿನ ಆ ಮಹಶೀರ್‌ಗೆ ವಿಜ್ಞಾನಿಗಳು ಟಾರ್ ರೆಮಾದೇವಿ ಎಂಬ ಹೆಸರನ್ನು ಖಚಿತಪಡಿಸಿದ್ದು 2018ರಲ್ಲಿ. ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದು ನಿಂತಿತ್ತು. ಅಲ್ಲಿ ಹರಿಗೋಲು ಹಾಕುತ್ತಿದ್ದ ದೊಡ್ಡಪ್ಪನೊಬ್ಬ ಪ್ರತಿಯೊಬ್ಬ ಏರಿ ಮೇಷ್ಟ್ರಿಗೂ ಇರುತ್ತಾನೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಸಾಹೇಬರು ಕಪಿಲೆಯಲ್ಲಿ 120 ಪೌಂಡಿನ ಮಹಶೀರ್ ಹಿಡಿದದ್ದು ದಾಖಲೆ. ಮೇಷ್ಟ್ರ ಬಾಯಲ್ಲಿ ಪೌಂಡು ಹೋಗಿ ಕೆ.ಜಿ. ಆಗಿದೆ, ಪಕ್ಕದಲ್ಲಿ ದೊಡ್ಡಪ್ಪನೂ ನಿಂತಿದ್ದಾನೆ.

ಅವರಿಂದ ಸಲಹೆ ಪಡೆಯದೆ ಮೀನು ಹಿಡಿಯುವವು ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗಳು ಮಾತ್ರ. ಆ ವಿಷಯ ಬಂದರೆ ಮೇಷ್ಟ್ರು ಮಾತು ಬದಲಿಸುತ್ತಾರೆ.

ಒಂದು ಸಂಗತಿಯಲ್ಲಿ ಅವರದು ಸಲಹೆಯಲ್ಲ, ಅಪ್ಪಣೆ. ಜೊಂಡಿನ ಅಂಚಿನಲ್ಲಿ ಕೊರಮೀನಿನ ಕೆಂಪು ಮರಿಗಳ ಗುಂಪೊಂದು ಗುಳುಗುಳು ಎನ್ನುತ್ತಾ ಮೇಲೆದ್ದರೆ, ಅಡಿಯಲ್ಲಿ ತಾಯಿತಂದೆ ಕಾವಲಿರುತ್ತವೆ. ಮರಿಗಳ ಮೇಲೆ ಏನೇ ಬಿದ್ದರೂ ಹೊಡೆಯುತ್ತವೆ. ಗಾಳದವನಿಗೆ ಅದಕ್ಕಿಂತ ಸುಲಭದ ಬೇಟೆಯಿಲ್ಲ. ಹುಡುಗ ಅತ್ತ ರಾಡು ತಿರುಗಿಸಿದ್ದೇ ತಡ ಮೇಷ್ಟ್ರು ಅದನ್ನು ಅಡ್ಡ ಹಿಡಿದರು. "ಅಲ್ಲಿ ಬ್ಯಾಡ. ಬಾಣಂತಿ ಮನೆ." ಅಷ್ಟೇ. ವಿವರಣೆ ಕೊಡದೆ ಅವರು ಮುಗಿಸಿದ ಮಾತು ಅದೊಂದೇ.

"ಅಣ್ಣ, ನೀವೇ ಒಂದ್ಸಲ ಹಾಕಿ ತೋರ್ಸಿ," ಎಂದ ಹುಡುಗ, ರಾಡು ಚಾಚುತ್ತಾ.

"ಇವತ್ತು ಸನಿವಾರ. ನಾನು ಮುಟ್ಟಾಕಿಲ್ಲ."

ಭಾನುವಾರ ಕೇಳಿದವರಿಗೆ ಭುಜದ ನೋವು, ಸೋಮವಾರ ಶಿವನದು, ಉಳಿದ ದಿನ ಪಡುವಲ ಗಾಳಿ. ಅವರು ಗಾಳ ಹಿಡಿದದ್ದನ್ನು ಕಂಡವರು ಮೂರು ತಾಲ್ಲೂಕಿನಲ್ಲಿ ಯಾರೂ ಸಿಕ್ಕಿಲ್ಲ.

ಕೊನೆಗೆ ಹುಡುಗ ಹೊಸ ಹುಕ್ಕು ಕಟ್ಟಿದ, ಬ್ರೇಡ್ ನೂಲಿನ ಇನ್ನೊಂದು ರೀಲು ತೆಗೆದ, ಕಪ್ಪೆ ಎಸೆದ. ಬಳಕ್ ಎಂದಾಗ ಕೈ ನಡುಗಿದರೂ ತಡೆದ. ಕಪ್ಪೆ ಮಾಯವಾಯಿತು, ನೂಲು ಭಾರವಾಯಿತು, ತುದಿ ಬಗ್ಗಿಸಿ ಸುತ್ತಿ ಒಂದೇ ಏಟಿಗೆ ಎತ್ತಿದ. ರಾಡು ಕಮಾನಾಯಿತು. ತಾವರೆ ಬಳ್ಳಿಯ ಸಮೇತ ಮೊಳಕೈ ಉದ್ದದ ಕೊರಮೀನು ಏರಿಯ ಕಲ್ಲಿನ ಮೇಲೆ ಬಿದ್ದು ಒದ್ದಾಡಿತು. ನೋಡುವವರೆಲ್ಲ ಹೋ ಎಂದರು.

ಮೇಷ್ಟ್ರು ಕುಕ್ಕರುಗಾಲಲ್ಲಿ ಕೂತು ಅದರ ಬಾಯಿ ಅಗಲಿಸಿ ನೋಡಿದರು. ಬಹಳ ಹೊತ್ತು ನೋಡಿದರು.

"ಹೂಂ, ಏನೋ ಹಿಡ್ದೆ ಬುಡು. ಆದ್ರೆ ಹುಕ್ಕು ಪಕ್ಕುಕ್ ಬಿದ್ದೈತೆ. ಮೇಲ್ದವಡೆಗೆ ಬೀಳ್ಬೇಕಿತ್ತು."

ಅಷ್ಟರಲ್ಲಿ ತೂಬಿನ ಕಡೆಯಿಂದ ಒಂದು ಬಳಕ್, ಅದರ ಹಿಂದೆಯೇ ಯಾರದೋ "ಥತ್ತೇರಿ!" ಮೇಷ್ಟ್ರ ಮುಖಕ್ಕೆ ಕಳೆ ಬಂತು. ತೂತು ಬಿದ್ದ ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಟಿವಿಎಸ್ ಬಿಟ್ಟು ನಡೆದೇ ಹೊರಟರು.

"ಇರ್ಲಾ, ಬಂದೆ! ನೂಲ್ ಸಡ್ಲ ಬುಟ್ಟಿದ್ದೆ ತಾನೆ?"