ಜಾವಾ ವ್ರತಸ್ಥರು

ಮೈಸೂರಿನ ಸರಸ್ವತೀಪುರಂ, ಕೃಷ್ಣಮೂರ್ತಿಪುರಂ, ಒಂಟಿಕೊಪ್ಪಲುಗಳಂಥ ಹಳೆಯ ಬಡಾವಣೆಗಳಲ್ಲಿ ಭಾನುವಾರ ಬೆಳಗಿನ ಹೊತ್ತು ಸಂಚಾರ ಹೊರಟವರಿಗೆ, ತೋಳಿಲ್ಲದ ಬನಿಯನ್ನು ತೊಟ್ಟು, ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿಕಟ್ಟಿ, ಮಸಿ ಹಿಡಿದ ಸ್ಪಾರ್ಕ್ ಪ್ಲಗ್ಗೊಂದನ್ನು ಎಳೆಬಿಸಿಲಿಗೆ ಒಡ್ಡಿ, ಒಂದು ಕಣ್ಣು ಮುಚ್ಚಿ ಪರೀಕ್ಷಿಸುತ್ತಿರುವ ಮಹನೀಯರೊಬ್ಬರು ಯಾವುದಾದರೊಂದು ಗೇಟಿನ ಒಳಗೆ ಕಾಣಿಸದೆ ಇರಲಾರರು. ಇವರು ಮೆಕ್ಯಾನಿಕ್ಕುಗಳಲ್ಲ, ಬಹುಮಟ್ಟಿಗೆ ನಿವೃತ್ತ ಉಪಾಧ್ಯಾಯರೋ ಬ್ಯಾಂಕಿನ ಅಧಿಕಾರಿಗಳೋ ಆಗಿರುವ, ಜಾವಾ ಮೋಟಾರು ಸೈಕಲ್ಲಿನ ವ್ರತಸ್ಥರು.

ಇವರ ಮತದಲ್ಲಿ ಯಂತ್ರಯುಗವು ಪ್ರಾರಂಭವಾದುದು 1961ರಲ್ಲಿ, ಚೆಕೊಸ್ಲೊವಾಕಿಯದ ಸಹಯೋಗದಿಂದ ಮೈಸೂರಿನಲ್ಲಿ ಸ್ಥಾಪಿತವಾದ ಐಡಿಯಲ್ ಜಾವಾ ಕಾರ್ಖಾನೆಯನ್ನು ಜಯಚಾಮರಾಜೇಂದ್ರ ಒಡೆಯರು ಉದ್ಘಾಟಿಸಿದಾಗ; ಮುಗಿದುದು 1996ರಲ್ಲಿ, ಅದೇ ಕಾರ್ಖಾನೆಯ ಬಾಗಿಲಿಗೆ ಬೀಗ ಬಿದ್ದಾಗ. ಆಮೇಲೆ ಬಂದುದೆಲ್ಲ ಇವರ ಲೆಕ್ಕದಲ್ಲಿ ಹೊಲಿಗೆಯ ಯಂತ್ರ. ನಡುವೆ ಎಪ್ಪತ್ತರ ದಶಕದಲ್ಲಿ ಜಾವಾ ಹೋಗಿ ಯೆಜ್ಡಿಯಾಯಿತಲ್ಲವೆ ಎಂದು ಯಾರಾದರೂ ಕೆಣಕಿದರೆ, “ಹೆಸರು ಬದಲಾದೀತು, ಗೋತ್ರ ಬದಲಾದೀತೇ?” ಎಂದು ಗದರುವರು.

ಪೆಟ್ರೋಲು ಬಂಕಿನಲ್ಲಿ ಇವರ ಹಿಂದೆ ನಿಲ್ಲಬೇಕಾಗುವುದು ಪೂರ್ವಜನ್ಮದ ಕರ್ಮಫಲವೇ ಸರಿ. ಈ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ನಿಗೆ ಬೇಕಾದ ಎಣ್ಣೆಯು ಪೆಟ್ರೋಲಿನ ಸಂಗಡವೇ ಒಳಹೊಕ್ಕು ಅದರೊಡನೆಯೇ ಉರಿದುಹೋಗಬೇಕಾದುದರಿಂದ, ಇವರು ಕೈಚೀಲದೊಳಗಿನಿಂದ ಒಂದು ಬಾಟಲಿಯನ್ನೂ, ಮೊಮ್ಮಗುವಿನ ಕೆಮ್ಮಿನ ಔಷಧದಿಂದ ಅಪಹರಿಸಿದ ಅಳತೆಯ ಮುಚ್ಚಳವನ್ನೂ ಹೊರತೆಗೆದು, ಲೀಟರಿಗೆ 40 ಮಿಲಿಯಂತೆ ಎಣ್ಣೆಯೆರೆದು, ಪೆಟ್ರೋಲು ತುಂಬಿಸಿ, ಎರಡೂ ಚೆನ್ನಾಗಿ ಬೆರೆಯಲೆಂದು ಗಾಡಿಯನ್ನು ಎಡಕ್ಕೂ ಬಲಕ್ಕೂ ತೂಗುತ್ತಿರುವಷ್ಟರಲ್ಲಿ, ಹಿಂದಿನವರ ಹಾರನ್ನುಗಳು ತಾರಸ್ಥಾಯಿಯನ್ನು ಮುಟ್ಟಿರುತ್ತವೆ. ಇವರು ತಿರುಗಿ ನೋಡುವುದಿಲ್ಲ. ಎಣ್ಣೆ ಹೆಚ್ಚಿದರೆ ಪ್ಲಗ್ಗು ಮಸಿಯಾಗುವುದು, ಕಡಿಮೆಯಾದರೆ ಪಿಸ್ಟನ್ನು ಕಚ್ಚಿಕೊಳ್ಳುವುದು. ಈ ಧರ್ಮಸೂಕ್ಷ್ಮವನ್ನರಿಯದ ಜನರ ಕೂಗಾಟಕ್ಕೆ ಬೆಲೆಯೇನು?

ಗಾಡಿಗೆ ಇವರು ಬೀಗ ಹಾಕುವುದು ಅಪೂರ್ವ. ಕಿಕ್ಕರು, ಗೇರು ಎರಡೂ ಎಡಗಡೆಯ ಒಂದೇ ಕಡ್ಡಿಯಾದುದರಿಂದ, ಈ ಕಾಲದ ಕಳ್ಳನು ಕಿಕ್ಕರನ್ನು ಹುಡುಕುವಷ್ಟರಲ್ಲಿ ಬೆಳಗಾಗುವುದೆಂದು ಇವರ ದೃಢವಾದ ನಂಬಿಕೆ. ಕಾರ್ಬ್ಯುರೇಟರಿನ ಪುಟ್ಟ ಗುಂಡಿಯನ್ನು ಪೆಟ್ರೋಲು ತೊಟ್ಟಿಕ್ಕುವವರೆಗೆ ಒತ್ತಿದ ಹೊರತು ಚಳಿಗಾಲದಲ್ಲಿ ಎಂಜಿನ್ನು ಏಳದೆಂಬ ರಹಸ್ಯವನ್ನಂತೂ ಸ್ವಂತ ಅಳಿಯನಿಗೂ ಉಪದೇಶಿಸಿಲ್ಲ. ಎದ್ದ ಮೇಲೆ, ಸಿಲಿಂಡರು ಒಂದೇ ಆದರೂ ಸೈಲೆನ್ಸರು ಎರಡಾದ ಕಾರಣ, ಇಕ್ಕೆಲದಲ್ಲಿಯೂ ನೀಲಿಹೊಗೆ ಕವಿಯುವುದು. ಪಕ್ಕದ ಮನೆಯಾಕೆ ಒಣಹಾಕಿದ ಹಪ್ಪಳವನ್ನು ಬಾಚಿಕೊಂಡು ಒಳಕ್ಕೆ ಓಡುವಳು. “ಸೊಳ್ಳೆಗಳಾದರೂ ಹೋದುವಲ್ಲ, ತಾಯಿ” ಎಂದು ಇವರು ಸಮಾಧಾನ ಹೇಳುವರು.

ಹಾಲಿಗೆ ನೀರು ಬೆರೆತರೆ ಹಾಲಿನವನನ್ನೂ, ಬಾಡಿಗೆ ಎರಡು ದಿನ ತಡವಾದರೆ ಬಿಡಾರದವನನ್ನೂ, ಒಂಬತ್ತಕ್ಕೆ ಬರುವೆನೆಂದು ಹತ್ತಕ್ಕೆ ಬಂದರೆ ಹೆತ್ತ ಮಗನನ್ನೂ ಕ್ಷಮಿಸದ ಈ ಕಠೋರ ಹೃದಯವು, ಚಾಮುಂಡಿಬೆಟ್ಟದ ಅರ್ಧ ದಾರಿಯಲ್ಲಿ ನಿಂತುಹೋದ ಗಾಡಿಯನ್ನು ಮಾತ್ರ, “ಪಾಪ, ಇವತ್ತು ಸೆಖೆ ಹೆಚ್ಚು” ಎಂದು ಸಂತೈಸುವುದು. ನಿಜ ಹೇಳಬೇಕಾದರೆ, ಕೆಟ್ಟುನಿಂತಾಗಲೇ ಇವರ ಮುಖದಲ್ಲಿ ಒಂದು ಕಾಂತಿಯುಂಟಾಗುವುದು. ಆ ಮಾರ್ಗವಾಗಿ ಬಂದ ಇನ್ನೊಬ್ಬ ವ್ರತಸ್ಥರು ಕರೆಯದೆಯೇ ಇಳಿದು ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತರೆಂದರೆ, ಪಾಯಿಂಟಿನ ಸಂದು, ಕಾಯಿಲ್ಲಿನ ದೌರ್ಬಲ್ಯ ಇತ್ಯಾದಿ ವಿಷಯಗಳ ಮೇಲೆ ಜಿಜ್ಞಾಸೆ ಬೆಳೆದು, ದೇವಿಯ ಮಹಾಮಂಗಳಾರತಿ ಮುಗಿದು, ಕಾದು ಬೇಸತ್ತ ಹೆಂಡತಿಯು ಬಸ್ಸು ಹಿಡಿದು ಮನೆ ಸೇರಿರುವಳು.

ಈ ಎಂಜಿನ್ನಿಗೆ ಮುಂದು ಹಿಂದು ಎಂಬ ಭೇದವಿಲ್ಲ. ಕಿಕ್ಕು ಅರೆಬರೆಯಾಗಿ ಬಿದ್ದರೆ, ಕಿಡಿಯು ಹೊತ್ತಿದ ಕ್ಷಣದಲ್ಲಿ ಪಿಸ್ಟನ್ನು ಬಂದ ದಾರಿಗೇ ಮರಳಿ, ಒಮ್ಮೊಮ್ಮೆ ಎಲ್ಲವೂ ವಿಲೋಮವಾಗಿ ತಿರುಗತೊಡಗುವುದು. ದೇವರಾಜ ಮಾರುಕಟ್ಟೆಯ ಮುಂದೆ ಒಬ್ಬ ವ್ರತಸ್ಥರು ಹೀಗೆಯೇ ಗೇರು ಹಾಕಿ ಕ್ಲಚ್ಚು ಬಿಟ್ಟಾಗ, ಗಾಡಿಯು ಅವರನ್ನೂ, ಹಿಂದೆ ಕೂತ ಶ್ರೀಮತಿಯವರನ್ನೂ, ಅವರ ತೊಡೆಯ ಮೇಲಿನ ಬೂದುಗುಂಬಳವನ್ನೂ ಹೊತ್ತು ಹಿಮ್ಮುಖವಾಗಿ ಸಾಗಿ ಎಳನೀರಿನ ಗಾಡಿಗೆ ತಗುಲಿಕೊಂಡಿತು. ಜನ ಸೇರಿದರು, ಎಳನೀರಿನವನು ಬಾಯಿಗೆ ಬಂದಂತೆ ಬೈದನು. ಅವರು ನಿಧಾನವಾಗಿ ಇಳಿದು, ಪಂಚೆ ಕೊಡವಿಕೊಂಡು, “ನೋಡಿದೆಯೇನಯ್ಯಾ? ರಿವರ್ಸು ಗೇರು! ಈಗಿನ ಲಕ್ಷಗಟ್ಟಲೆಯ ಬೈಕು ಯಾವುದರಲ್ಲಾದರೂ ಇದೆಯೇ, ತೋರಿಸು” ಎಂದರು.